ಸಾಕರ್ ಮೈದಾನದ ಗೆರೆಯಾಚೆ ನಿಲ್ಲುವ ಅಪ್ಪ ಅಮ್ಮಂದಿರ ಬಗ್ಗೆ

ಎಲ್ಲರಿಗೂ ನಮಸ್ಕಾರ. ಅಮೆರಿಕದಲ್ಲಿರುವ ನಮ್ಮ ಕೊಡಗಿನವರ ಈ ಗುಂಪಿನಲ್ಲಿ, ಮಕ್ಕಳ ಸಾಕರ್ (ಫುಟ್‌ಬಾಲ್) ಪಂದ್ಯದಲ್ಲಿ ನಾವು ಕೂಗಾಡುವ ಬಗ್ಗೆ ನಡೆಯುತ್ತಿರುವ ಮಾತನ್ನೆಲ್ಲ ಓದಿದೆ. ಒಬ್ಬ ಅಣ್ಣ ಕೇಳಿದ್ದರು: "ಪೋಷಕರು ಸುಮ್ಮನಿರಬೇಕು ಅಂತ ಕ್ಲಬ್‌ನಿಂದ ಈಮೇಲ್ ಬಂದಿದೆ. ನನ್ನ ಮಗನಿಗೆ ನಾನು ಹುರುಪು ತುಂಬಬಾರದಾ?" ಕೆಲವರು ಇದು ನಮ್ಮಂಥ ಹೊರಗಿನವರನ್ನು ನೋಡಿಯೇ ಮಾಡಿದ ನಿಯಮ ಎಂದರು. ನನಗೆ ಹಾಗೆ ಅನ್ನಿಸುವುದಿಲ್ಲ. ರಜೆಗೆ ಊರಿಗೆ ಬಂದಿದ್ದೇನೆ, ಸೋಮವಾರಪೇಟೆಯ ಮನೆಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗಬಹುದು.

ಮೊದಲು ನಿಯಮದ ಮಾತು. ಅಮೆರಿಕದಲ್ಲಿ ಈ ತೊಂದರೆ ನಾವು ಹೋಗುವ ಮೊದಲಿನಿಂದಲೂ ಇದೆ. 1999ರಲ್ಲೇ ಓಹಾಯೋದ ಉತ್ತರ ಭಾಗದ ಹುಡುಗಿಯರ ಲೀಗ್ ಒಂದು ಭಾನುವಾರ ಪೋಷಕರು ಯಾರೂ ಕೂಗುವಂತಿಲ್ಲ ಎಂದು ಪಂದ್ಯ ಆಡಿಸಿತ್ತು. ಆಗ ಅಲ್ಲಿ ನಮ್ಮವರು ಎಷ್ಟು ಜನ ಇದ್ದರು ಹೇಳಿ? ಈಗಂತೂ ರೆಫರಿಗಳ ಮೇಲೆ ಕೂಗಾಡುವುದನ್ನು ತಡೆಯಲು ಯು.ಎಸ್. ಸಾಕರ್ ಸಂಸ್ಥೆ ಹೊಸ ನಿಯಮವನ್ನೇ ತಂದಿದೆ. 2025ರ ಮಾರ್ಚ್ 1ರಿಂದ ಅದು ಜಾರಿಯಲ್ಲಿದೆ. ಕೆಲವು ಪಂದ್ಯಗಳ ನಿಷೇಧದಿಂದ ಹಿಡಿದು ಜೀವನಪೂರ್ತಿ ನಿಷೇಧದವರೆಗೆ ಶಿಕ್ಷೆ ಇದೆ. ರೆಫರಿ ಚಿಕ್ಕ ವಯಸ್ಸಿನವರಾಗಿದ್ದರೆ ಶಿಕ್ಷೆ ಇನ್ನೂ ಜಾಸ್ತಿ.

ಚಿಕ್ಕ ವಯಸ್ಸಿನ ರೆಫರಿ ಅಂದರೆ ಯಾರು ಗೊತ್ತಾ? ನಮ್ಮ ಮಕ್ಕಳ ಪಂದ್ಯಕ್ಕೆ ಸೀಟಿ ಊದುವವರು ಎಷ್ಟೋ ಸಲ 13-14 ವರ್ಷದ ಹುಡುಗ ಹುಡುಗಿಯರು. ಶನಿವಾರ ಬೆಳಿಗ್ಗೆ ಎದ್ದು, ನಾಲ್ಕು ಕಾಸು ಸಂಪಾದಿಸೋಣ, ಆಟವನ್ನೂ ಕಲಿಯೋಣ ಅಂತ ಬಂದಿರುತ್ತಾರೆ. ಅಂಥ ಮಗುವಿನ ಎದುರು ಒಬ್ಬ ದೊಡ್ಡ ಮನುಷ್ಯ ಕೈ ಬೀಸಿ "ಕಣ್ಣು ಕಾಣಲ್ವಾ ನಿನಗೆ" ಎಂದು ಅರಚುವುದನ್ನು ನಾನು ನೋಡಿದ್ದೇನೆ. ಆ ಹುಡುಗಿಯ ಕೈ ನಡುಗುತ್ತಿತ್ತು. ಅವಳೂ ಯಾರದೋ ಮನೆಯ ಮಗು ಅಲ್ವಾ? ಇದರಲ್ಲಿ ಎರಡು ಮಾತೇ ಇಲ್ಲ, ಇದು ನಿಲ್ಲಲೇಬೇಕು.

ಇನ್ನೊಂದು ವಿಷಯ. ನಾವು ಕೂಗಿ ಹೇಳುವುದರಲ್ಲಿ ಅರ್ಧಕ್ಕರ್ಧ ತಪ್ಪೇ ಇರುತ್ತದೆ. ಹತ್ತು ವರ್ಷದೊಳಗಿನವರ ಆಟ ಟೀವಿಯಲ್ಲಿ ನೋಡುವ ಆಟ ಅಲ್ಲ. ಒಂದು ಕಡೆ ಏಳೇ ಜನ. ಮೈದಾನದ ಮಧ್ಯದ ಗೆರೆಗೂ ಗೋಲಿಗೂ ನಡುವೆ 'ಬಿಲ್ಡ್ ಔಟ್ ಲೈನ್' ಎಂದು ಇನ್ನೊಂದು ಗೆರೆ ಇರುತ್ತದೆ. ಗೋಲ್‌ಕೀಪರ್ ಕೈಗೆ ಚೆಂಡು ಸಿಕ್ಕ ಕೂಡಲೇ ಎದುರಾಳಿ ಮಕ್ಕಳು ಆ ಗೆರೆಯ ಹಿಂದಕ್ಕೆ ಹೋಗಬೇಕು. ನಮ್ಮವರು ಅದೇ ಹೊತ್ತಿಗೆ "ಹೋಗು, ನುಗ್ಗು, ಯಾಕೆ ವಾಪಸ್ ಬರ್ತಿದ್ದೀಯಾ" ಎಂದು ಕೂಗುತ್ತಾರೆ. ಆಫ್‌ಸೈಡ್, ಅಂದರೆ ಎದುರಾಳಿಗಳನ್ನು ದಾಟಿ ಮೊದಲೇ ಗೋಲಿನ ಹತ್ತಿರ ಹೋಗಿ ಚೆಂಡಿಗೆ ಕಾಯುವ ತಪ್ಪು ಕೂಡ, ಆ ಗೆರೆ ದಾಟಿದ ಮೇಲೇ ಲೆಕ್ಕ. ಮಧ್ಯದ ಗೆರೆ ದಾಟಿದ ತಕ್ಷಣ "ಆಫ್‌ಸೈಡ್, ಆಫ್‌ಸೈಡ್" ಎಂದು ಇಡೀ ಸಾಲು ಎದ್ದು ನಿಲ್ಲುತ್ತದೆ. ಹೆಡ್ಡಿಂಗ್, ಅಂದರೆ ಚೆಂಡನ್ನು ತಲೆಯಿಂದ ಹೊಡೆಯುವುದು, ಅಂತೂ ಈ ವಯಸ್ಸಿಗೆ ಇಲ್ಲವೇ ಇಲ್ಲ. ತಲೆಗೆ ಪೆಟ್ಟಾಗುವ ಭಯದಿಂದ 2015ರಲ್ಲೇ ಅದನ್ನು ಬೇಡ ಎಂದು ತೀರ್ಮಾನಿಸಿದರು. ಬೇಕೆಂದೇ ತಲೆ ಕೊಟ್ಟರೆ ಎದುರು ತಂಡಕ್ಕೆ ಫ್ರೀ ಕಿಕ್ ಸಿಗುತ್ತದೆ. ಮಗು ನಿಯಮ ನೆನಪಿಟ್ಟುಕೊಂಡು ತಲೆ ತಗ್ಗಿಸಿದರೆ ಅಪ್ಪ ಆಚೆಯಿಂದ "ತಲೆ ಕೊಡೋ" ಎನ್ನುತ್ತಾರೆ. ಮಗು ಯಾರ ಮಾತು ಕೇಳಬೇಕು?

ನಿಯಮ ಸರಿಯಾಗಿ ಗೊತ್ತಿದ್ದವರೂ ಕೂಗಬಾರದು ಎನ್ನುವುದು ನನ್ನ ಅಭಿಪ್ರಾಯ. ಚೆಂಡು ಕಾಲಿಗೆ ಬಂದಾಗ ಮಗುವಿಗೆ ಯೋಚಿಸಲು ಒಂದೆರಡು ಸೆಕೆಂಡ್ ಇರುತ್ತದೆ ಅಷ್ಟೇ. ಕೋಚ್ ಪಾಸ್ ಮಾಡು ಅಂತಾರೆ, ಅಮ್ಮ ಗೋಲಿಗೆ ಹೊಡಿ ಅಂತಾಳೆ. ಮಗು ತಲೆ ಎತ್ತಿ ನಮ್ಮ ಕಡೆ ನೋಡುತ್ತದೆ. ಅಷ್ಟರಲ್ಲಿ ಚೆಂಡು ಹೋಯಿತು. ಮುಂದಿನ ಪಂದ್ಯದಲ್ಲಿ ಮಕ್ಕಳ ಆಟ ಬಿಟ್ಟು ಅವರ ಕಣ್ಣನ್ನು ನೋಡಿ. ಎಷ್ಟು ಸಲ ಅವು ಗೆರೆಯಾಚೆ ತಿರುಗುತ್ತವೆ ಎಂದು ಗಮನಿಸಿ.

ನಮ್ಮವರೇಕೆ ಹೀಗೆ ಎಂದು ತುಂಬಾ ಯೋಚಿಸಿದ್ದೇನೆ. ನಾವು ಆಡುವಾಗ ನಮ್ಮ ಅಪ್ಪ ಅಮ್ಮ ನೋಡಲು ಬಂದವರೇ ಅಲ್ಲ. ಕೊಡಗಿನಲ್ಲಿ ಬೆಳೆದ ನೀವೆಲ್ಲ ನೆನಪು ಮಾಡಿಕೊಳ್ಳಿ. ಶಾಲೆ ಬಿಟ್ಟ ಮೇಲೆ ಮೈದಾನದಲ್ಲೋ ಗದ್ದೆಯಲ್ಲೋ ಆಡುತ್ತಿದ್ದೆವು. ದೊಡ್ಡವರು ತೋಟದಲ್ಲಿ, ಅಂಗಡಿಯಲ್ಲಿ, ಕೆಲಸದಲ್ಲಿ. ಜಗಳ ಆದರೆ ನಾವೇ ತೀರಿಸಿಕೊಳ್ಳುತ್ತಿದ್ದೆವು. ಟೀಮ್ ನಾವೇ ಮಾಡುತ್ತಿದ್ದೆವು. ಹಾಗಾಗಿ ಮಗುವಿನ ಆಟದ ಪಕ್ಕ ನಿಂತ ಅಪ್ಪ ಹೇಗಿರಬೇಕು ಎನ್ನುವುದನ್ನು ನಾವು ಯಾರನ್ನೂ ನೋಡಿ ಕಲಿತಿಲ್ಲ. ನಮಗೆ ಗೊತ್ತಿದ್ದ ಪೋಷಕರು ಪರೀಕ್ಷೆ ಹೊತ್ತಿನ ಪೋಷಕರು. ಎಷ್ಟು ಬಂತು, ಎಲ್ಲಿ ಹೋಯಿತು, ಪಕ್ಕದ ಮನೆಯವನಿಗೆ ಎಷ್ಟು? ಅದನ್ನೇ ಹೊತ್ತುಕೊಂಡು ಹೋಗಿ ಸಾಕರ್ ಮೈದಾನದಲ್ಲಿ ಇಳಿಸಿದ್ದೇವೆ. ಬೇರೆ ಊರುಗಳಿಗೆ ಹೋಗಿ ಆಡುವ ಟ್ರಾವೆಲ್ ಟೀಮಿಗೆ ವರ್ಷಕ್ಕೆ ಸಾವಿರಾರು ಡಾಲರ್ ಕಟ್ಟುತ್ತೇವೆ, ಕಾಲೇಜು ಸೀಟಿಗೆ ಅನುಕೂಲ ಆಗಬಹುದು ಎನ್ನುವ ಲೆಕ್ಕ ಬೇರೆ. ಕಟ್ಟಿದ ದುಡ್ಡು ಗಂಟಲಿಗೆ ಬರುತ್ತದೆ.

ನಮ್ಮಪ್ಪ ಅಲ್ಲಿಗೆ ಬಂದಿದ್ದಾಗ ಒಂದು ಪಂದ್ಯ ಪೂರ್ತಿ ನೋಡಿದರು. ಕಾಲೇಜಿನಲ್ಲಿ ಹಾಕಿ ಆಡಿದವರು. ವಾಪಸ್ ಬರುವಾಗ ಒಂದೇ ಪ್ರಶ್ನೆ ಕೇಳಿದರು: "ಕೋಚ್‌ಗೆ ಸಂಬಳ ಕೊಡ್ತೀರಿ ಅಲ್ವಾ? ಮತ್ತೆ ಆಚೆ ನಿಂತವರೆಲ್ಲ ಯಾಕೆ ಹೇಳಿಕೊಡ್ತಾರೆ?" ನನ್ನ ಹತ್ತಿರ ಉತ್ತರ ಇರಲಿಲ್ಲ.

ಒಬ್ಬ ತಂಗಿ ಬರೆದಿದ್ದರು, "ಕೊಡಗಿನವರಾಗಿ ಸುಮ್ನೆ ನಿಂತು ಆಟ ನೋಡೋಕೆ ಆಗುತ್ತಾ" ಅಂತ. ಮಾತು ನಿಜ. ನಾವು ಕೊಡವರಲ್ಲ, ಆದರೂ ಏಪ್ರಿಲ್ ಬಂದರೆ ಕೊಡವ ಕೌಟುಂಬಿಕ ಹಾಕಿ ನೋಡಲು ಹೋಗುವ ಮನೆ ನಮ್ಮದು. ಪಾಂಡಂಡ ಕುಟ್ಟಪ್ಪ ಅವರು 1997ರಲ್ಲಿ ಕರಡದಲ್ಲಿ 60 ತಂಡಗಳೊಂದಿಗೆ ಶುರು ಮಾಡಿದ ಹಬ್ಬ ಅದು. 2024ರಲ್ಲಿ ನಾಪೋಕ್ಲಿನಲ್ಲಿ ಕುಂಡ್ಯೋಳಂಡ ಕುಟುಂಬ ನಡೆಸಿದಾಗ 360 ತಂಡಗಳು ಬಂದು ಗಿನ್ನೆಸ್ ದಾಖಲೆ ಆಯಿತು. ಅಲ್ಲಿಯ ಗದ್ದಲ ನನಗೂ ಇಷ್ಟ. ಆದರೆ ಅಲ್ಲಿ ಗಮನಿಸಿ. ಒಂದೇ ತಂಡದಲ್ಲಿ ಅಜ್ಜ ಇರುತ್ತಾರೆ, ಸೊಸೆ ಇರುತ್ತಾಳೆ, ಶಾಲೆಗೆ ಹೋಗುವ ಹುಡುಗ ಇರುತ್ತಾನೆ. ಆ ಹುಡುಗ ಚೆಂಡು ಬಿಟ್ಟರೂ ಜನ ಚಪ್ಪಾಳೆ ತಟ್ಟುತ್ತಾರೆ. ಅಜ್ಜ ಓಡಲು ಆಗದೆ ನಿಂತರೂ ತಟ್ಟುತ್ತಾರೆ. ಹುಡುಗನಿಗೆ ಏನಾದರೂ ಹೇಳುವುದಿದ್ದರೆ ಪಕ್ಕದಲ್ಲೇ ಆಡುತ್ತಿರುವ ಚಿಕ್ಕಪ್ಪ ಹೇಳುತ್ತಾನೆ. ದೊಡ್ಡವರ ಪಂದ್ಯ ಬಿಗಿಯಾದಾಗ ಅಂಪೈರ್ ಮೇಲೆ ಸಿಟ್ಟು ಅಲ್ಲೂ ಬರುತ್ತದೆ, ಅದನ್ನು ನಾನು ಮುಚ್ಚಿಡುವುದಿಲ್ಲ. ಅದನ್ನು ಬಿಟ್ಟು ಆ ಚಪ್ಪಾಳೆಯನ್ನು ಮಾತ್ರ ತೆಗೆದುಕೊಂಡು ಹೋಗೋಣ ಎನ್ನುತ್ತೇನೆ.

ಹಾಗಾಗಿ ಆ ಅಣ್ಣನಿಗೆ ನನ್ನ ಉತ್ತರ: ಖಂಡಿತ ಹುರುಪು ತುಂಬಿ. ಮಗು ಚೆಂಡು ಆಡಿದ ಮೇಲೆ ಕೂಗಿ, ಆಡುವ ಮೊದಲು ಬೇಡ. "ಒಳ್ಳೆ ಪಾಸ್" ಎನ್ನಬಹುದು, "ಪಾಸ್ ಮಾಡು" ಬೇಡ. ಎದುರು ತಂಡದ ಮಗು ಚೆನ್ನಾಗಿ ಆಡಿದರೂ ತಟ್ಟಿ. ಕನ್ನಡದಲ್ಲಿ ಕೂಗಬಹುದಾ ಎಂದೂ ಕೇಳಿದ್ದೀರಿ. ಶಭಾಷ್ ಎನ್ನಲು ಯಾವ ಭಾಷೆಯಾದರೇನು? ಬೇರೆಯವರಿಗೆ ಅರ್ಥ ಆಗಲ್ಲ ಅಂತ ಮಗುವನ್ನು ಕನ್ನಡದಲ್ಲಿ ಬೈಯುವುದು ಮಾತ್ರ ಬೇಡವೇ ಬೇಡ. ಮನೆಯ ಭಾಷೆ ಅಂದರೆ ಬೈಗುಳ ಎಂದು ಮಗುವಿನ ಮನಸ್ಸಿನಲ್ಲಿ ಕೂತರೆ, ಆಮೇಲೆ ಕನ್ನಡ ಕಲಿ ಎಂದರೆ ಯಾಕೆ ಕಲಿಯುತ್ತದೆ?

ಪಂದ್ಯ ಮುಗಿದ ಮೇಲಿನ ಕಾರಿನ ಪ್ರಯಾಣದ ಬಗ್ಗೆ ಯಾರೂ ಬರೆದಿಲ್ಲ. ನನ್ನ ಪ್ರಕಾರ ಮೈದಾನಕ್ಕಿಂತ ಜಾಸ್ತಿ ಹಾನಿ ಅಲ್ಲೇ ಆಗುತ್ತದೆ. ಮಗು ಸೀಟ್ ಬೆಲ್ಟ್ ಹಾಕಿಕೊಂಡು ಕೂತಿದೆ, ಎದ್ದು ಹೋಗಲು ಜಾಗ ಇಲ್ಲ. ಆಗ ನಾವು ಶುರು ಮಾಡುತ್ತೇವೆ, ಎರಡನೇ ಗೋಲು ಯಾಕೆ ಬಿಟ್ಟೆ, ಕೊನೆಗೆ ಯಾಕೆ ಓಡಲಿಲ್ಲ. ಏನು ತಿನ್ನುತ್ತೀಯಾ ಎಂದು ಕೇಳಿ, ಸಾಕು. ಆಟದ ಮಾತು ಮಗುವೇ ತೆಗೆದರೆ ಕಿವಿ ಕೊಡಿ. ಕೋಚ್ ಮೇಲೆ ನಿಮಗೇ ದೂರು ಇದ್ದರೆ ಒಂದು ದಿನ ಬಿಟ್ಟು ಬರೆಯಿರಿ. ಎಷ್ಟೋ ಕ್ಲಬ್‌ಗಳಲ್ಲಿ 24 ಗಂಟೆ ಕಾಯಬೇಕು ಎಂಬ ನಿಯಮವೇ ಇದೆ. ಒಂದು ರಾತ್ರಿ ಕಳೆದರೆ ಅರ್ಧ ದೂರು ಹೋಗಿರುತ್ತದೆ.

ಪೂರ್ತಿ ಮೌನದ ಪಂದ್ಯಗಳು ನನಗೆ ಅಷ್ಟು ಇಷ್ಟ ಆಗಿಲ್ಲ. ಚಿಕ್ಕ ಮಕ್ಕಳು ಗಾಬರಿಯಾಗಿ ಅಮ್ಮನಿಗೆ ಕೋಪ ಬಂದಿದೆಯಾ ಎಂದು ನೋಡುತ್ತವೆ. ಆದರೆ ಅಂಥ ದಿನ ಮಕ್ಕಳು ಮೈದಾನದೊಳಗೆ ತಮ್ಮತಮ್ಮಲ್ಲೇ ಮಾತಾಡಿಕೊಳ್ಳುವುದು ಕೇಳಿಸಿತು, "ಇಲ್ಲಿ ಕೊಡು, ನಾನಿದ್ದೀನಿ" ಅಂತ. ವರ್ಷಕ್ಕೊಮ್ಮೆ ಅದನ್ನು ಕೇಳಿಸಿಕೊಳ್ಳುವುದು ಒಳ್ಳೆಯದೇ.

ಕೊನೆಗೆ, ಅತ್ತೆ ಊರಿಂದ ಬರುತ್ತಿದ್ದಾರೆ, ಮೊಮ್ಮಗ ಬಿದ್ದರೆ ಓಡಿಬಿಡುತ್ತಾರೆ ಎಂದು ಹೆದರಿದ ಅಕ್ಕನಿಗೆ. ಮೊದಲ ಪಂದ್ಯಕ್ಕೆ ಮುಂಚೆಯೇ ಹೇಳಿಬಿಡಿ. ಮಗುವಿಗೆ ಪೆಟ್ಟಾದರೆ ರೆಫರಿ ಆಟ ನಿಲ್ಲಿಸುತ್ತಾರೆ, ರೆಫರಿ ಕರೆದ ಮೇಲೆ ಕೋಚ್ ಒಳಗೆ ಹೋಗುತ್ತಾರೆ, ಉಳಿದ ಮಕ್ಕಳು ಒಂದು ಮಂಡಿಯೂರಿ ಕೂರುತ್ತಾರೆ, ಮಗು ಎದ್ದಾಗ ಎರಡೂ ಕಡೆಯವರು ಚಪ್ಪಾಳೆ ತಟ್ಟುತ್ತಾರೆ. ಇದೆಲ್ಲ ಗೊತ್ತಿದ್ದರೆ ಅವರಿಗೂ ಧೈರ್ಯ ಇರುತ್ತದೆ. ಟೀಮಿನ ಮಕ್ಕಳ ಹೆಸರನ್ನೆಲ್ಲ ಅವರಿಗೆ ಬರೆದು ಕೊಡಿ. ಒಂದು ದಪ್ಪ ಶಾಲು, ಮಡಚುವ ಕುರ್ಚಿ, ಫ್ಲಾಸ್ಕಿನಲ್ಲಿ ಕಾಫಿ ಮರೆಯಬೇಡಿ, ವಸಂತದಲ್ಲೂ ಬೆಳಿಗ್ಗೆ ಎಂಟರ ಪಂದ್ಯಕ್ಕೆ ಅಲ್ಲಿ ಚಳಿ ಇರುತ್ತದೆ.