ಪೋರ್ಟ್ ‘ಕಿಂಡಿ’ಯಾದರೆ ಸಿಗ್ನಲ್ ಏನು?

ಅಂಗೈಗಣಕದ ಸೀರಿಯಲ್ ಪೋರ್ಟ್‌ನಿಂದ (0, 1 ಬಿಟ್‌ಗಳು ಒಂದರ ಹಿಂದೊಂದು ಹೋಗಿಬರುವ ಜಾಗ) ಚೌಕ ಅಲೆ (ಥಟ್ಟನೆ ಏರಿ ಥಟ್ಟನೆ ಇಳಿಯುವ ವೋಲ್ಟೇಜು) ಹೊರಡಿಸುವುದು ಹೇಗೆ ಅಂತ ಹವ್ಯಾಸಿಗಳಿಗಾಗಿ ಒಂದು ಪುಟ್ಟ ಬರಹ ಮಾಡುತ್ತಿದ್ದೇನೆ. ನನ್ನ ಹತ್ತಿರ ಇರುವುದು 1998ರ ಪಾಮ್ ತ್ರೀ. ಅಲೆಯೇನೋ ಬಂತು, ಕನ್ನಡ ಬರುತ್ತಿಲ್ಲ. ಎರಡು ಪದಗಳ ಹತ್ತಿರ ಸಿಕ್ಕಿಹಾಕಿಕೊಂಡಿದ್ದೇನೆ.

ಮೊದಲು ಪೋರ್ಟ್. ಯಂತ್ರಾನುವಾದ ‘ಸರಣಿ ಬಂದರು’ ಅಂತ ಕೊಟ್ಟಿತು. ಮಂಗಳೂರು, ಕಾರವಾರದ ಸಾಲಿಗೆ ನನ್ನ ಪಾಮ್ ಕೂಡ ಸೇರಿತು! ಇಂಗ್ಲಿಷಿನಲ್ಲಿ ಪೋರ್ಟ್ ಎರಡಿವೆ. ಹಡಗು ನಿಲ್ಲುವ ಪೋರ್ಟ್ ಲ್ಯಾಟಿನ್ನಿನ ‘ಪೋರ್ಟಸ್’ನಿಂದ ಬಂದದ್ದು. ಹಡಗಿನ ಗೋಡೆಯಲ್ಲಿ ಕೊರೆದ ಕಂಡಿಯೂ ಪೋರ್ಟೇ, ಅದು ‘ಪೋರ್ಟಾ’, ಅಂದರೆ ಬಾಗಿಲಿನಿಂದ ಬಂದದ್ದು. ಗಣಕದ ಪೋರ್ಟ್ ಈ ಎರಡನೆಯದರ ಬಳಗ. ‘ದ್ವಾರ’ ಅಂದರೆ ಗುಡಿಯ ಗೋಪುರ ಕಣ್ಣಮುಂದೆ ಬರುತ್ತದೆ. ನನಗೆ ‘ಕಿಂಡಿ’ ಇಷ್ಟ. ಉಡುಪಿಯ ಕನಕನ ಕಿಂಡಿಯಲ್ಲಿ ಹಾಯುವುದು ನೋಟ ಮಾತ್ರ ಅನ್ನಿ. ಕರಾವಳಿಯ ಕಿಂಡಿ ಅಣೆಕಟ್ಟು ಇನ್ನೂ ಹತ್ತಿರ. ಹಲಗೆ ಇಳಿಸಿದರೆ ನೀರು ನಿಲ್ಲುತ್ತದೆ, ತೆಗೆದರೆ ಹರಿಯುತ್ತದೆ. ಪೋರ್ಟಿನಲ್ಲೂ ಹೆಚ್ಚುಕಮ್ಮಿ ಇದೇ ಕೆಲಸ, ಸೆಕೆಂಡಿಗೆ ಸಾವಿರಾರು ಸಲ. ಬಯಲುಸೀಮೆಯ ಗೆಳೆಯನೊಬ್ಬ ‘ತೂಬು’ ಅಂದ. ಚೆನ್ನಾಗಿದೆ, ಆದರೆ ಕೆರೆಯ ತೂಬು ನೀರನ್ನು ಹೊರಗೆ ಬಿಡುತ್ತದೆ, ಒಳಗೆ ತಗೊಳ್ಳಲ್ಲ. ಸೀರಿಯಲ್ ಪೋರ್ಟಿಗೆ ಎರಡೂ ಬೇಕು.

ನಿಜವಾದ ತಲೆನೋವು ಸಿಗ್ನಲ್. ಪುಸ್ತಕಗಳಲ್ಲಿ ‘ಸಂಕೇತ’ ಅಂತಿರುತ್ತದೆ. ನನ್ನ ವಾಕ್ಯ ನೋಡಿ: ‘ಯು ಅಕ್ಷರದ ಆಸ್ಕಿ ಸಂಕೇತವನ್ನು ಎಡೆಬಿಡದೆ ಕಳಿಸಿದರೆ ಚೌಕ ಅಲೆಯ ಸಂಕೇತ ಬರುತ್ತದೆ.’ ಮೊದಲನೆಯ ಸಂಕೇತ ಬರೀ ಒಂದು ಸಂಖ್ಯೆ, ಇಂಗ್ಲಿಷ್ ಅಕ್ಷರಗಳಿಗೆ ಸಂಖ್ಯೆ ಕೊಡುವ ಆಸ್ಕಿ ಪಟ್ಟಿಯದು. ದೊಡ್ಡಕ್ಷರ ಯು ಅಂದರೆ 85, ಬಿಟ್‌ಗಳಲ್ಲಿ 01010101. ಕೊನೆಯ ಬಿಟ್ ಮೊದಲು ಹೊರಡುತ್ತದೆ. ಅದರ ಮುಂದೆ ಶುರುವಿನ ಬಿಟ್ 0, ಹಿಂದೆ ನಿಲುಗಡೆಯ ಬಿಟ್ 1 ಸೇರಿ ತಂತಿಯಲ್ಲಿ ಹೋಗುವುದು 0101010101. ವೇಗ 9600 ಬಾಡ್, ಅಂದರೆ ಇಲ್ಲಿ ಸೆಕೆಂಡಿಗೆ 9600 ಬಿಟ್, ಇದ್ದರೆ ಎರಡು ಬಿಟ್‌ಗೆ ಒಂದು ಅಲೆಯಂತೆ ಸರಿಯಾಗಿ 4800 ಹರ್ಟ್ಸ್‌ನ ಚೌಕ ಅಲೆ. ಎರಡನೆಯ ಸಂಕೇತ ಈ ಅಲೆ, ತಂತಿಯಲ್ಲಿ ಏರಿಳಿಯುವ ವೋಲ್ಟೇಜು. ಎರಡಕ್ಕೂ ಒಂದೇ ಪದ ಅಂದರೆ ಓದುವವರ ಗತಿ ಏನು?

‘ಸನ್ನೆ’ ಅಂದುಕೊಂಡೆ. ಸಂಜ್ಞೆಯ ತದ್ಭವ, ಕಣ್ಸನ್ನೆ ಕೈಸನ್ನೆಗಳ ಸನ್ನೆ. ಆದರೆ ಸನ್ನೆ ಅಂದಮೇಲೆ ಯಾರೋ ಯಾರಿಗೋ ಏನೋ ಹೇಳುತ್ತಿರಬೇಕು, ಅಲ್ವಾ? ನನ್ನ 4800 ಹರ್ಟ್ಸ್ ಯಾರಿಗೂ ಏನೂ ಹೇಳುವುದಿಲ್ಲ. ಸುಮ್ನೆ ಮೇಲೆ ಕೆಳಗೆ ಆಡುತ್ತದೆ.

ಇದೇ ಸಾಲಿನಲ್ಲಿ 1ಕ್ಕೆ ‘ಮಾರ್ಕ್’, 0ಗೆ ‘ಸ್ಪೇಸ್’ ಅನ್ನುವ ರೂಢಿಯಿದೆ. ಟೆಲಿಗ್ರಾಫ್ ಕಾಗದಪಟ್ಟಿಯ ಮೇಲೆ ಗೆರೆ ಬೀಳುತ್ತಿದ್ದ, ಬೀಳದಿದ್ದ ಜಾಗಗಳಿಂದ ಬಂದ ಹೆಸರು. ಅದಕ್ಕೆ ‘ಗುರುತು’, ‘ತೆರಪು’ ಅಂತ ಧೈರ್ಯವಾಗಿ ಹಾಕಿಬಿಟ್ಟಿದ್ದೇನೆ. ತಂತಿಯಲ್ಲಿ ಗುರುತಿನದು ಋಣ ವೋಲ್ಟೇಜು, ತೆರಪಿನದು ಧನ. ಉಲ್ಟಾ ಬರೆದಿದ್ದೇನೆ ಅಂದುಕೊಳ್ಳಬೇಡಿ, ಸೀರಿಯಲ್ ಪೋರ್ಟಿನ ಮಾನಕ ಆರ್‌ಎಸ್-232 ಇರುವುದೇ ಹಾಗೆ.

ಕ್ರಿಯಾಪದಕ್ಕೆ ‘ಉತ್ಪಾದಿಸು’ ಬೇಡ. ಶರಾವತಿಯ ಟರ್ಬೈನು ನೆನಪಾಗುತ್ತದೆ, ಇಲ್ಲಿರುವುದು ಎರಡು ಪುಟ್ಟ ಸೆಲ್ಲು. ‘ದನಿ ಹೊರಡಿಸು’ ಅನ್ನುವ ಹಾಗೆ ‘ಹೊರಡಿಸು’ ಸಾಕು.

ಐಟಿಐಗಳಲ್ಲಿ ಕನ್ನಡದಲ್ಲೇ ಪಾಠ ಮಾಡುವವರು, ರೇಡಿಯೊ ರಿಪೇರಿ ಮಾಡುವವರು ಯಾರಾದರೂ ಇದ್ದೀರಾ? ವೋಲ್ಟೇಜಿನ ಏರಿಳಿತ ತೋರಿಸುವ ಆಸಿಲೋಸ್ಕೋಪಿನ ಪರದೆಯ ಮೇಲೆ ಕಾಣುವ ಆ ಗೆರೆಗೆ ಮಾತಿನಲ್ಲಿ ಏನಂತೀರಿ? ‘ಸಿಗ್ನಲ್’ ಅಂತಲೇ ಆದರೆ ಅದನ್ನೇ ಉಳಿಸುತ್ತೇನೆ. ಕಿಂಡಿಯನ್ನು ಮಾತ್ರ ಬಿಟ್ಟುಕೊಡಲು ಮನಸ್ಸಿಲ್ಲ.