ಕುದುರೆಯ ಜಂತುಹುಳು: 'ನಾಶ'ವೋ 'ಹತೋಟಿ'ಯೋ? ಜೊತೆಗೆ ಇನ್ನೊಂದು ಪದ ಬೇಕಿದೆ

ಗೆಳೆಯರೇ,

ಕುದುರೆ ಸಾಕುವವರಿಗೆ ಜಂತುಹುಳುವಿನ ಬಗ್ಗೆ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಎರಡು ಪದಗಳ ಬಗ್ಗೆ ನಿಮ್ಮ ಸಲಹೆ ಬೇಕು.

ಔಷಧಿಗೆ 'ಜಂತುನಾಶಕ' ಅನ್ನುವುದು ರೂಢಿ. ಅದು ಇರಲಿ. ಆದರೆ ಇಡೀ ಕೆಲಸಕ್ಕೇ 'ಜಂತುನಾಶ' ಅಂದರೆ, ಹೊಟ್ಟೆಯಲ್ಲಿ ಒಂದು ಹುಳುವೂ ಉಳಿಯಬಾರದು ಅಂತ ಓದುವವರಿಗೆ ಅನ್ನಿಸುತ್ತದೆ. ಪಶುವೈದ್ಯರು ಈಗ ಹೇಳುವುದೇ ಬೇರೆ. ಹುಲ್ಲು ಮೇಯುವ ಕುದುರೆಯಲ್ಲಿ ನಾಲ್ಕು ಹುಳು ಇದ್ದೇ ಇರುತ್ತವೆ. ಬೆಳೆದ ಕುದುರೆಗಳ ಗುಂಪಿನಲ್ಲಿ ಸುಮಾರು 80% ಮೊಟ್ಟೆ ಬೀಳುವುದು 20% ಕುದುರೆಗಳ ಲದ್ದಿಯಿಂದ. ವರ್ಷಕ್ಕೆ ಒಂದೆರಡು ಸಲ ಎಲ್ಲಕ್ಕೂ ಔಷಧಿ ಕೊಟ್ಟರೂ, ಮಿಕ್ಕಂತೆ ಲದ್ದಿ ಪರೀಕ್ಷೆ ಮಾಡಿಸಿ, ಗ್ರಾಮಿಗೆ 200ಕ್ಕಿಂತ ಕಡಿಮೆ ಮೊಟ್ಟೆ ಇದ್ದರೆ ಸಾಮಾನ್ಯವಾಗಿ ಸುಮ್ನೆ ಬಿಡುತ್ತಾರೆ. ಇದಕ್ಕೆ 'ಹತೋಟಿ' ಚೆನ್ನಾಗಿ ಹೊಂದುತ್ತದೆ. 'ನಿಯಂತ್ರಣ' ಯಾಕೋ ಸರ್ಕಾರಿ ಸುತ್ತೋಲೆ ಓದಿದ ಹಾಗಿರುತ್ತದೆ.

ಕಷ್ಟ ಇರುವುದು ಎರಡನೆಯದರಲ್ಲಿ. ಔಷಧಿ ಕೊಡದೆ ಬಿಟ್ಟ ಕುದುರೆಯ ಹೊಟ್ಟೆಯ ಹುಳುಗಳು, ಹುಲ್ಲುಗಾವಲಿನಲ್ಲಿರುವ ಮೊಟ್ಟೆ, ಮರಿಹುಳುಗಳು, ಇವಕ್ಕೆಲ್ಲ ಸೇರಿಸಿ 'ರೆಫ್ಯೂಜಿಯಾ' ಅನ್ನುತ್ತಾರೆ. ಇವು ಇದ್ದರೆ, ಔಷಧಿಗೆ ಜಗ್ಗದ ಹುಳುಗಳು ಇವುಗಳ ಜೊತೆ ಬೆರೆತು ಆ ಗುಣ ಬೇಗ ಹರಡುವುದಿಲ್ಲ. ಇವನ್ನೂ ಕೊಂದರೆ ಜಗ್ಗದವುಗಳದ್ದೇ ರಾಜ್ಯಭಾರ. ಕುದುರೆ ಮರಿಗಳ ದುಂಡುಹುಳು ಐವರ್ಮೆಕ್ಟಿನ್ ಅನ್ನುವ ಜಂತುನಾಶಕಕ್ಕೆ ಜಗ್ಗುತ್ತಿಲ್ಲ ಅಂತ ನೆದರ್ಲೆಂಡ್ಸಿನಿಂದ 2002ರಲ್ಲೇ ವರದಿ ಬಂದಿತ್ತು.

'ಆಶ್ರಿತ ಹುಳು' ಅನ್ನೋಣ ಅಂದರೆ, ಜಂತುಹುಳು ಎಲ್ಲವೂ ಆಶ್ರಿತವೇ ಅಲ್ವಾ? 'ಮೀಸಲು ಹುಳು' ಕೇಳಲು ಚೆನ್ನ, ಆದರೆ ಹುಲ್ಲಿನ ಮೇಲಿರುವವನ್ನು ಯಾರೂ ಎತ್ತಿಟ್ಟಿಲ್ಲ. 'ಮದ್ದು ತಾಗದ ಹುಳು' ಅಂದರೆ ಇನ್ನೂ ಗೊಂದಲ. ಮದ್ದು ತಾಗಲಿಲ್ಲ ಅಂದರೆ ನಮ್ಮ ಮಾತಿನಲ್ಲಿ ಕೊಟ್ಟರೂ ಗುಣ ಕಾಣಲಿಲ್ಲ ಅಂತ ಅರ್ಥ. ಹೇಳಬೇಕಾದ್ದಕ್ಕೆ ಪೂರ್ತಿ ಉಲ್ಟಾ! ಸದ್ಯಕ್ಕೆ 'ಮದ್ದು ಕಾಣದ ಹುಳು' ಅಂತ ಬರೆದಿಟ್ಟಿದ್ದೇನೆ. ಅರ್ಥ ಸರಿ, ಆದರೆ ಪುಟಕ್ಕೆ ಹತ್ತು ಸಲ ಬಂದರೆ ಉದ್ದವಾಯಿತು.

'ಲಾಡಿಹುಳು'ವನ್ನು ಮುಟ್ಟಿಲ್ಲ. ಕುದುರೆಯಲ್ಲಿ ಜಾಸ್ತಿ ಕಾಣುವ ಜಾತಿ ಬೆರಳುದ್ದ ದಾಟುವುದು ಅಪರೂಪ, ಎಲೆಯ ಹಾಗೆ ಅಗಲ, ಲಾಡಿಯ ಹಾಗೇನೂ ಇಲ್ಲ. ಆದರೂ ಎಲ್ಲರಿಗೂ ತಿಳಿದಿರುವ ಪದವನ್ನು ಬಿಡುವುದು ಬೇಡ.

ಔಷಧಿಗೆ ಜಗ್ಗದ ಹುಳುವಿನ ಕಾಟ ಕುರಿಗಳಲ್ಲೂ ಇದೆ. ನಿಮ್ಮ ಕಡೆ ಕುರಿ ಸಾಕುವವರು ಮದ್ದು ಹಾಕದೆ ಬಿಟ್ಟ ಕುರಿಗೋ, ಅದರ ಹುಳುವಿಗೋ ಏನಾದರೂ ಹೆಸರು ಹೇಳುತ್ತಾರಾ? ಯಾವ ಊರಿನ ಮಾತು ಅಂತಲೂ ತಿಳಿಸಿ.