ಜೋವಾ ಬಿಚ್ಕೊಳ್ತಾನೇ ಇಲ್ಲ, ಕಾಂಡದ ಮೇಲೆ ಬಿಳಿ ಸುರುಳಿ ಇದೆ, ಏನಿದು?

ಜಯನಗರ_ರೀಫ್:
ಎಲ್ರಿಗೂ ನಮಸ್ಕಾರ, ನಂದು 100 ಲೀಟರ್ ಉಪ್ಪುನೀರಿನ ಟ್ಯಾಂಕ್, ಕೋರಲ್ (ಹವಳ) ಅಂದ್ರೆ ಬರೀ ಜೋವಾ ಮತ್ತೆ ಮಶ್ರೂಮ್, ಎರಡೂ ಮೆತ್ತನೆ ಜಾತಿ. ಹಸಿರು ಜೋವಾ ಕಾಲೊನಿ ವಾರದ ಮೇಲಾಯ್ತು ಮುಚ್ಕೊಂಡೇ ಇದೆ, ಪಕ್ಕದಲ್ಲೇ ಇರೋ ಕಿತ್ತಳೆ ಬಣ್ಣದ್ದು ಮಾತ್ರ ಚೆನ್ನಾಗಿ ಅರಳ್ತಿದೆ. ಸ್ಯಾಲಿನಿಟಿ 1.025, ಟೆಂಪರೇಚರ್ 26, ಆಲ್ಕಲಿನಿಟಿ 8ರ ಆಸುಪಾಸು, ಯಾವ್ದೂ ಏರುಪೇರಾಗಿಲ್ಲ. ಅಂಗಡಿಯವರನ್ನ ಕೇಳಿದ್ರೆ ಬ್ರಿಸಲ್ ವರ್ಮ್ (ಮೈತುಂಬಾ ಮುಳ್ಳುಕೂದಲಿರೋ ಹುಳ) ತಿಂತಿರುತ್ತೆ, ಟ್ಯಾಂಕಿಗೇ ಔಷಧಿ ಹಾಕ್ಬಿಡಿ ಅಂತಾರೆ. ನಿನ್ನೆ ಬದಿಯಿಂದ ನೋಡಿದಾಗ ಪಾಲಿಪ್ (ಕಾಲೊನಿಯ ಒಂದೊಂದು ಹೂವಿನಂಥ ಜೀವಿ) ಕಾಂಡಕ್ಕೆ ಬಿಳಿ ದಾರ ಸುತ್ತಿಟ್ಟ ಹಾಗೆ ಪುಟ್ಟ ಸುರುಳಿ ಅಂಟ್ಕೊಂಡಿತ್ತು. ಔಷಧಿ ಹಾಕ್ಲಾ?

ಕುಡ್ಲ_ಸಾಲ್ಟ್:
ಮೊದ್ಲು ಆ ಔಷಧಿ ಪಕ್ಕಕ್ಕಿಡಿ ಸರ್. ಬ್ರಿಸಲ್ ವರ್ಮ್ ಪಾಪದ್ದು, ಉಳಿದ ಆಹಾರ, ಸತ್ತಿದ್ದು ಕೊಳೆತಿದ್ದು ತಿನ್ನುತ್ತೆ, ಸಾಯ್ತಿರೋ ಕೋರಲ್ ಹತ್ರ ಕಾಣಿಸ್ಕೊಳ್ಳುತ್ತೆ ಅಂತ ಎಲ್ಲಾರೂ ಅದ್ರ ಮೇಲೇ ಗೂಬೆ ಕೂರಿಸ್ತಾರೆ. ನೀವು ಹೇಳಿದ ಬಿಳಿ ಸುರುಳಿ ನೋಡಿದ್ರೆ ಜೋವಾ ತಿನ್ನೋ ನುಡಿಬ್ರಾಂಕ್, ಅಂದ್ರೆ ಚಿಪ್ಪಿಲ್ಲದ ಸಮುದ್ರ ಬಸವನಹುಳದ ಮೊಟ್ಟೆ ಅನ್ಸುತ್ತೆ. ಲೈಟ್ ಆಫ್ ಆಗಿ ಒಂದೆರಡು ಗಂಟೆ ಆದ್ಮೇಲೆ ಟಾರ್ಚ್ ಹಿಡ್ಕೊಂಡು ಆ ಕಾಲೊನೀನ ಕಣ್ಣಲ್ಲಿ ಕಣ್ಣಿಟ್ಟು ನೋಡಿ. ಸಿಗೋದು ಕಷ್ಟ ಯಾಕಂದ್ರೆ ಅದು ತಿಂದ ಜೋವಾದ ಬಣ್ಣವನ್ನೇ ಬೆನ್ನ ಮೇಲಿನ ಎಳೆಗಳಲ್ಲಿ ಇಟ್ಕೊಳ್ಳುತ್ತೆ, ಹಸಿರು ತಿಂದ್ರೆ ಹಸಿರೇ, ಮುಚ್ಕೊಂಡಿರೋ ಪಾಲಿಪ್ ಥರಾನೇ ಕಾಣುತ್ತೆ. ಯಾವ್ದಾದ್ರೂ 'ಪಾಲಿಪ್' ಜರುಗಿದ್ರೆ ಅದೇ ಅಂತ ತಿಳ್ಕೊಳಿ.

ಹಾಗೇ ಚಪ್ಪಟೆ ಸುರುಳಿ ಚಿಪ್ಪಿನ, ಕಪ್ಪು ಬಿಳಿ ಚೌಕಳಿ ಇರೋ ಪುಟ್ಟ ಬಸವನಹುಳ ಇದ್ಯಾ ನೋಡಿ, ಅದು ಸನ್‌ಡಯಲ್ ಸ್ನೇಲ್, ಅದೂ ಜೋವಾನೇ ತಿನ್ನೋದು. ಅದಾದ್ರೆ ಕೈಯಲ್ಲಿ ಹೆಕ್ಕಿ ತೆಗೆದ್ರಾಯ್ತು.

ಫ್ರೀಮಾಂಟ್_ಕನ್ನಡಿಗ:
ಹೌದು ಮೊಟ್ಟೇನೇ. ಇಲ್ಲಿ ಅಮೆರಿಕದಲ್ಲಿ ನಮ್ಗೆ ಆಕ್ರೋಪೊರಾ ಅನ್ನೋ ಹಾರ್ಡ್ ಕೋರಲ್ (ಗಟ್ಟಿ ಹವಳ) ತಿನ್ನೋ ಫ್ಲಾಟ್‌ವರ್ಮ್ ಕಾಟ, ಇಂಡಿಯಾದಲ್ಲಿ ಹಾರ್ಡ್ ಕೋರಲ್ ವನ್ಯಜೀವಿ ಕಾಯ್ದೆಯ ಶೆಡ್ಯೂಲ್ 1ರಲ್ಲಿ ಇರೋದ್ರಿಂದ ಮನೇಲಿ ಇಡೋ ಹಾಗಿಲ್ಲ, ಹಾಗಾಗಿ ನಿಮ್ಗೆ ಆ ತಲೆನೋವಿಲ್ಲ. ಆದ್ರೆ ಎರಡರಲ್ಲೂ ಗೆಲ್ಲೋದು ಸೋಲೋದು ಮೊಟ್ಟೆ ವಿಷ್ಯದಲ್ಲೇ. ಡಿಪ್ (ಕೋರಲ್ ಅದ್ದಿ ತೆಗೆಯೋ ಔಷಧಿ ನೀರು) ಯಾವ್ದೇ ಇರ್ಲಿ, ದೊಡ್ಡ ಹುಳ ಉದುರುತ್ತೆ, ಮೊಟ್ಟೆ ಉಳ್ಕೊಳ್ಳುತ್ತೆ.

ಟ್ಯಾಂಕ್ ನೀರನ್ನೇ ಒಂದು ಡಬ್ಬಕ್ಕೆ ತಗೊಂಡು ಕೋರಲ್ ಡಿಪ್ ಅಥವಾ ಲೂಗೋಲ್ ಅಯೋಡಿನ್ ಬಾಟ್ಲಿ ಮೇಲಿನ ಅಳತೆಯಷ್ಟೇ ಹಾಕಿ, ಕಲ್ಲು ಅದ್ರಲ್ಲಿಟ್ಟು ಸೂಜಿ ಇಲ್ಲದ ಸಿರಿಂಜಲ್ಲಿ ಪಾಲಿಪ್ ಸಂದಿಗೆ ರಭಸವಾಗಿ ನೀರು ಹೊಡೀರಿ, ತಳದಲ್ಲಿ ಏನ್ ಉದುರ್ತು ಅಂತ ಬಿಳಿ ತಟ್ಟೆಯಲ್ಲಿ ನೋಡಿ. ಮೊಟ್ಟೆ ಸುರುಳಿಗಳನ್ನ ನೀರೊಳಗೇ ಚಿಮಟದಲ್ಲಿ ಒಂದೊಂದಾಗಿ ಕೀಳಿ, ಆಮೇಲೆ ಇನ್ನೊಂದು ಡಬ್ಬದಲ್ಲಿ ಔಷಧಿ ಹಾಕದ ಟ್ಯಾಂಕ್ ನೀರು ತಗೊಂಡು ತೊಳೆದು ವಾಪಸ್ ಇಡಿ. 5-7 ದಿನಕ್ಕೊಂದು ಸಲ, ಕನಿಷ್ಠ ಒಂದು ತಿಂಗಳು, ಮಧ್ಯೆ ಜೋವಾ ಅರಳಿದ್ರೂ ನಿಲ್ಲಿಸ್ಬೇಡಿ. ಹೆಚ್ಚಿನವರ ಮನೇಲಿ ಇದು ಮತ್ತೆ ಬರೋದು ಅರ್ಧಕ್ಕೆ ಬಿಟ್ಟಾಗ್ಲೇ. ಕಿತ್ತಳೆ ಕಾಲೊನಿನೂ ಸೇರ್ಸಿ ಡಿಪ್ ಮಾಡಿ.

ಜಯನಗರ_ರೀಫ್:
ತುಂಬಾ ಥ್ಯಾಂಕ್ಸ್ ಇಬ್ರಿಗೂ. ರಾತ್ರಿ ನೋಡ್ದೆ, ಒಂದು ಸಿಕ್ತು, ಅಕ್ಕಿ ಕಾಳಿಗಿಂತ ಸ್ವಲ್ಪ ಉದ್ದ, ಪೂರ್ತಿ ಹಸಿರು! ಸಿಕ್ಸ್‌ಲೈನ್ ರಾಸ್ ಅನ್ನೋ ಮೀನನ್ನ ಟ್ಯಾಂಕಿಗೆ ಬಿಟ್ರೆ ಇವನ್ನ ತಿನ್ನುತ್ತಂತೆ, ತರ್ಲಾ? ಕಲ್ಲನ್ನ ಹೊರಗೆ ತೆಗ್ದು ಬಿಸಿನೀರಲ್ಲಿ ಬ್ರಷ್ ಹಾಕಿ ಉಜ್ಜಿದ್ರೆ ಮೊಟ್ಟೆ ಬೇಗ ಹೋಗಲ್ವಾ?

ಸಮುದ್ರ_ಅಕ್ಕ:
ಬಿಸಿನೀರು ಬೇಡವೇ ಬೇಡ!! ಜೋವಾ, ಅದರ ಹತ್ತಿರದ ಜಾತಿ ಪಾಲಿಥೋವಾಗಳಲ್ಲಿ ಪಾಲಿಟಾಕ್ಸಿನ್ ಅನ್ನೋ ಭಯಂಕರ ವಿಷ ಇರಬಹುದು, ಯಾವ ಕಾಲೊನೀಲಿ ಎಷ್ಟಿದೆ ಅಂತ ಕಣ್ಣಿಗೆ ಗೊತ್ತಾಗಲ್ಲ. ಕುದಿಸಿದ್ರೆ, ಬಿಸಿನೀರು ಹಾಕಿದ್ರೆ, ಒಣಗಿದ ಮೇಲೆ ಉಜ್ಜಿದ್ರೆ ಅದು ಹಬೆ, ಹನಿ ಜೊತೆ ಗಾಳಿಗೆ ಸೇರಿ ಮನೆಮಂದಿಯೆಲ್ಲಾ ಆಸ್ಪತ್ರೆ ಸೇರಿದ್ದು ಬೇರೆ ಬೇರೆ ದೇಶಗಳಲ್ಲಿ ದಾಖಲಾಗಿದೆ. ಗ್ಲೌಸ್, ಕನ್ನಡಕ ಹಾಕದೆ ಕೈ ಹಾಕ್ಬೇಡಿ, ಕೈಯಲ್ಲಿ ಗಾಯ ಇದ್ರಂತೂ ಬೇರೆಯವರ ಕೈಲಿ ಮಾಡ್ಸಿ. ಅಡುಗೆಮನೆ ಸಿಂಕ್, ಅಡುಗೆ ಪಾತ್ರೆ ಉಪಯೋಗಿಸ್ಬೇಡಿ, ಮಕ್ಕಳು ನಾಯಿ ಬೆಕ್ಕು ಹತ್ರ ಇರ್ಬಾರ್ದು. ಆಮೇಲೆ ಉಸಿರಾಟದ ತೊಂದ್ರೆ, ಜ್ವರ, ಬಾಯಲ್ಲಿ ಲೋಹದ ರುಚಿ, ಏನೇ ಆದ್ರೂ ತಕ್ಷಣ ಡಾಕ್ಟರ್ ಹತ್ರ ಹೋಗಿ ಪಾಲಿಟಾಕ್ಸಿನ್ ಅಂತ ಹೆಸರು ಹೇಳಿ.

ಮೀನಿನ ವಿಷ್ಯ, ಸಿಕ್ಸ್‌ಲೈನ್ ಕೆಲವು ತಿನ್ನುತ್ತೆ, ಕೆಲವು ತಿರುಗೂ ನೋಡಲ್ಲ, ಮತ್ತೆ ಚಿಕ್ಕ ಟ್ಯಾಂಕಲ್ಲಿ ಮಿಕ್ಕ ಮೀನುಗಳನ್ನ ಅಟ್ಟಾಡಿಸುತ್ತೆ. ನಿಮ್ಮ 100 ಲೀಟರಿಗೆ ನಾನಾದ್ರೆ ತರಲ್ಲ, ಚಿಮಟ ಮತ್ತೆ ಡಿಪ್ ಸಾಕು. ಇನ್ಮೇಲೆ ಹೊಸ ಜೋವಾ ಬಂದ್ರೆ ಅದು ಕೂತಿರೋ ಪ್ಲಗ್ಗನ್ನ (ಕೋರಲ್ ಅಂಟಿಸಿ ಮಾರೋ ಪುಟ್ಟ ಬಿಲ್ಲೆ) ಬಿಸಾಕಿ, ಪ್ಲಗ್ ಅಡಿಯಲ್ಲೇ ಮೊಟ್ಟೆ ಬರೋದು ಜಾಸ್ತಿ. ಒಂದು ತಿಂಗಳು ಬೇರೆ ಡಬ್ಬದಲ್ಲಿ ಇಟ್ಟು ನೋಡ್ಕೊಂಡು ಆಮೇಲೆ ಒಳಗೆ ಬಿಡಿ.